ಹಿಟ್ಟಿನಲ್ಲಿ ಹುಳ ಬಚ್ಚಿಡಬೇಡಿ: ಆಹಾರದ ನಿಯಮ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಹಿಟ್ಟಿನ ಡಬ್ಬಿ ತೆರೆದಾಗ ಒಳಗೆ ಹುಳ ಕಂಡರೆ ಯಾರೇ ಆಗಲಿ ಏನು ಮಾಡುತ್ತಾರೆ? ಜರಡಿ ಹಿಡಿಯುತ್ತಾರೆ. ಹುಳ ಜಾಸ್ತಿ ಇದ್ದರೆ ಇಡೀ ಹಿಟ್ಟನ್ನೇ ಸುರಿದು ಬರುತ್ತಾರೆ. ಈಗ ಕಾಲ ತಿರುಗಿದೆ. ಅದೇ ಹುಳವನ್ನು ಬೇಕಂತಲೇ ಸಾಕಿ, ಒಣಗಿಸಿ, ಬೀಸಿ, ಹಿಟ್ಟಿಗೆ ಬೆರೆಸಿ ಮಾರುತ್ತಿದ್ದಾರೆ. ಮಾಂಸದ ಬದಲು ಇದನ್ನು ತಿನ್ನಿ, ಭೂಮಿಗೆ ಭಾರ ಕಡಿಮೆಯಾಗುತ್ತದೆ ಅನ್ನುತ್ತಿದ್ದಾರೆ.

ಮೊದಲೇ ಹೇಳಿಬಿಡುತ್ತೇನೆ, ಹುಳ ತಿನ್ನುವುದನ್ನು ನಿಲ್ಲಿಸಿ ಅಂತ ಕೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ನಾನು ಹುಳ ತಿಂದಿದ್ದೇನೆ. ಒಂದು ವರ್ಷದಿಂದ ಮನೆಯಲ್ಲಿ ಸಾಕುತ್ತಲೂ ಇದ್ದೇನೆ. ರುಚಿಯ ಬಗ್ಗೆ ನನ್ನ ತಕರಾರಿಲ್ಲ, ಬಚ್ಚಿಟ್ಟು ತಿನ್ನಿಸುವುದರ ಬಗ್ಗೆ ಇದೆ. ಹುಳದ ಹೆಸರನ್ನು ಬಚ್ಚಿಡುತ್ತಾರೆ. ಅದು ಏನು ತಿಂದು ಬೆಳೆಯಿತು ಅನ್ನುವುದನ್ನು ಬಚ್ಚಿಡುತ್ತಾರೆ. ಲೆಕ್ಕ ಹೇಳುವಾಗ ತಮಗೆ ಬೇಡದ ಸಾಲನ್ನು ಬಚ್ಚಿಡುತ್ತಾರೆ. ಪ್ಯಾಕೆಟ್ ಮೇಲೆ ಏನಿರಬೇಕು, ಎಲ್ಲಿರಬೇಕು, ಅಕ್ಷರ ಎಷ್ಟು ದಪ್ಪ ಇರಬೇಕು ಅಂತ ತೀರ್ಮಾನಿಸುವವರು ನೀವು. ಅದಕ್ಕೇ ಪತ್ರ ನಿಮಗೆ. ನೀವು ಯಾವ ದೇಶದ ಕಚೇರಿಯಲ್ಲಿ ಕೂತಿದ್ದರೂ ಸರಿ.

ಹೆಸರಿನದ್ದೇ ಒಂದು ತೊಡಕಿದೆ, ಅದನ್ನು ಮುಗಿಸಿಬಿಡೋಣ. ಈ ವ್ಯಾಪಾರದಲ್ಲಿ ಎರಡು ಹುಳಗಳ ಮಾತೇ ಜಾಸ್ತಿ. ಒಂದು, ರಾತ್ರಿ ಮೂಲೆಯಲ್ಲಿ ಕೂತು ಕಿರ್ರೆನ್ನುವುದು. ಅದನ್ನು ಒಬ್ಬರು ಜೀರುಂಡೆ ಅಂತಾರೆ, ಇನ್ನೊಬ್ಬರು ಚಿಮ್ಮಂಡೆ ಅಂತಾರೆ, ಮತ್ತೊಬ್ಬರು ಮಿಡತೆಯ ಲೆಕ್ಕಕ್ಕೇ ಸೇರಿಸಿಬಿಡುತ್ತಾರೆ. ಜಗಳ ಬೇಡ, ನಾನು ಕ್ರಿಕೆಟ್ ಹುಳ ಅಂತಲೇ ಬರೆಯುತ್ತೇನೆ. ಆಟಕ್ಕೂ ಅದಕ್ಕೂ ಸಂಬಂಧವಿಲ್ಲ. ಇನ್ನೊಂದು ಮೀಲ್‌ವರ್ಮ್, ಅಂದರೆ ಹಿಟ್ಟಿನ ಹುಳ. ನಿಜಕ್ಕೂ ಅದು ಕಪ್ಪು ದುಂಬಿಯೊಂದರ ಮರಿ. ನಾನು ಸಾಕಿರುವುದು ಇದನ್ನೇ. ಕಾರಣ ಏನೂ ದೊಡ್ಡದಲ್ಲ, ಇದು ಹಾರುವುದಿಲ್ಲ, ನುಣುಪಾದ ಪ್ಲಾಸ್ಟಿಕ್ ಗೋಡೆ ಹತ್ತುವುದೂ ಇಲ್ಲ.

ಒಂದು ಅಗಲವಾದ ಟ್ರೇ. ಅದರಲ್ಲಿ ಮೂರು ಬೆರಳಿನಷ್ಟು ಗೋಧಿ ಬೂಸಾ. ಅದೇ ಅವುಗಳ ಹಾಸಿಗೆ, ಅದೇ ಊಟ. ನೀರು ಇಡುವ ಹಾಗಿಲ್ಲ, ಇಟ್ಟರೆ ಬೂಸಾ ಬೂಷ್ಟು ಹಿಡಿಯುತ್ತದೆ. ಎರಡು ದಿನಕ್ಕೊಮ್ಮೆ ಒಂದು ಕ್ಯಾರೆಟ್ ಚೂರು ಹಾಕಿದರೆ ಬಾಯಾರಿಕೆಗೆ ಸಾಕು. ಬೆಳಿಗ್ಗೆ ಆ ಚೂರನ್ನು ಎತ್ತಿ ತಿರುಗಿಸಿ ನೋಡಿದರೆ ಅಡಿಯಲ್ಲಿ ಇಪ್ಪತ್ತು ಮೂವತ್ತು ಹುಳ ಅಂಟಿಕೊಂಡಿರುತ್ತವೆ. ಕ್ಯಾರೆಟ್ ಒಳಗಿನಿಂದ ಟೊಳ್ಳಾಗಿರುತ್ತದೆ. ರಾತ್ರಿ ಎಲ್ಲಾ ಶಬ್ದ ನಿಂತ ಮೇಲೆ ಟ್ರೇ ಹತ್ತಿರ ಕಿವಿ ಇಟ್ಟರೆ ತರಗೆಲೆ ಮೇಲೆ ಸಣ್ಣ ಹನಿ ಬಿದ್ದ ಹಾಗೆ ಸದ್ದು ಕೇಳುತ್ತದೆ. ವಾರಗಳು ಕಳೆದ ಹಾಗೆ ಬೂಸಾ ಕಡಿಮೆಯಾಗಿ ತಳದಲ್ಲಿ ಮರಳಿನಂಥ ಪುಡಿ ಸೇರುತ್ತದೆ. ಅದು ಹುಳದ ಹಿಕ್ಕೆ. ಗಿಡದ ಬುಡಕ್ಕೆ ಹಾಕುತ್ತೇನೆ. ವಾಸನೆ ಬರುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಹಳೇ ಧಾನ್ಯದ ಮೂಟೆ ಬಿಚ್ಚಿದ ಹಾಗೆ ಸ್ವಲ್ಪ ಬರುತ್ತದೆ, ಅಷ್ಟೇ. ತಿನ್ನುವ ಮುಂಚೆ ಒಂದು ದಿನ ಉಪವಾಸ ಕೆಡವಿ, ರಾತ್ರಿ ಫ್ರೀಜರ್‌ಗೆ ಇಟ್ಟು, ತೊಳೆದು, ಬಾಣಲೆಯಲ್ಲಿ ಹುರಿಯುತ್ತೇನೆ. ಘಮ ಥೇಟ್ ಹುರಿದ ಕಡಲೆಕಾಯಿಯದ್ದೇ.

ಹುಳದ ಪರವಾಗಿ ಹೇಳುವ ಲೆಕ್ಕ ಟ್ರೇ ನೋಡಿದರೆ ತಾನಾಗಿ ತಲೆಗೆ ಹೋಗುತ್ತದೆ. ಹಸು, ಹಂದಿ, ಕೋಳಿ ತಿಂದದ್ದರಲ್ಲಿ ಒಂದು ಪಾಲು ಮೈ ಬೆಚ್ಚಗಿಟ್ಟುಕೊಳ್ಳಲು ಖರ್ಚಾಗುತ್ತದೆ. ಹುಳಕ್ಕೆ ಆ ಖರ್ಚಿಲ್ಲ, ಕೋಣೆ ಎಷ್ಟು ಬಿಸಿಯೋ ಅದರ ಮೈಯೂ ಅಷ್ಟೇ ಬಿಸಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಹೊರತಂದ ವರದಿಯ ಪ್ರಕಾರ ಕ್ರಿಕೆಟ್ ಹುಳ ಒಂದು ಕಿಲೋ ಬೆಳೆಯಲು 2 ಕಿಲೋ ಆಹಾರ ಸಾಕು. ದನಕ್ಕೆ 8 ಕಿಲೋ ಬೇಕು. ಅದರ ಮೇಲೆ ದನದ ತೂಕದಲ್ಲಿ ನಾವು ತಿನ್ನುವುದು ಸುಮಾರು ಶೇ. 40, ಹುಳದಲ್ಲಿ ಶೇ. 80. ನೆದರ್ಲೆಂಡ್ಸ್‌ನ ಇಬ್ಬರು ಸಂಶೋಧಕರು 2012ರಲ್ಲಿ ಹಿಟ್ಟಿನ ಹುಳದ ಸಾಕಣೆಯನ್ನು ಅಳೆದು ನೋಡಿದರು. ಹುಳದ ಪ್ರೋಟೀನಿಗೆ ಒಂದು ಹೆಕ್ಟೇರ್ ಜಾಗ ಬೇಕಾದರೆ, ಅಷ್ಟೇ ಪ್ರೋಟೀನನ್ನು ದನದ ಮಾಂಸದಿಂದ ತೆಗೆಯಲು ಸುಮಾರು 10 ಹೆಕ್ಟೇರ್ ಬೇಕು. ಇದು ಸಣ್ಣ ವ್ಯತ್ಯಾಸವಲ್ಲ.

ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಸಾಲೂ ಇತ್ತು. ಇಂಧನದ ಖರ್ಚಿನಲ್ಲಿ ಹುಳ ಗೆಲ್ಲಲಿಲ್ಲ. ಹಾಲು, ಕೋಳಿಗಿಂತ ಜಾಸ್ತಿಯೇ ಬೇಕಾಯಿತು. ಯಾಕೆಂದರೆ ಹುಳ ತನ್ನ ಮೈಯನ್ನು ತಾನು ಬಿಸಿ ಮಾಡಿಕೊಳ್ಳುವುದಿಲ್ಲ, ಆದರೆ ಬೆಳೆಯಲು ಬಿಸಿ ಬೇಕೇ ಬೇಕು. ಚಳಿಯ ಜಾಗದಲ್ಲಿ ಆ ಬಿಸಿಯನ್ನು ಹೀಟರ್ ಕೊಡುತ್ತದೆ. ನನ್ನ ಟ್ರೇಯಲ್ಲೂ ಚಳಿಗಾಲದಲ್ಲಿ ಹುಳಗಳು ಹೆಚ್ಚುಕಮ್ಮಿ ಮುಷ್ಕರ ಹೂಡುತ್ತವೆ. ಜಾಗದ ಲೆಕ್ಕ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ. ಇಂಧನದ ಸಾಲನ್ನು ನಾನು ಯಾವ ಪ್ಯಾಕೆಟ್ ಮೇಲೂ ನೋಡಿಲ್ಲ.

ಈಗ ನನ್ನ ತಮ್ಮನ ವಿಷಯಕ್ಕೆ ಬರುತ್ತೇನೆ. ಅವನಿಗೆ ಸಿಗಡಿ ಆಗುವುದಿಲ್ಲ. ಚಿಕ್ಕಂದಿನಿಂದಲೂ ಹಾಗೇ. ಒಂದು ದಿನ ಯಾರೋ ಕೊಟ್ಟರು ಅಂತ ಒಂದು ಪ್ರೋಟೀನ್ ಬಾರ್ ತಿಂದ. ಹಸಿರು ಪ್ಯಾಕೆಟ್, ಮುಂದೆ ಒಂದು ಎಲೆಯ ಚಿತ್ರ, ಪ್ರಕೃತಿಗೆ ಹತ್ತಿರ ಅನ್ನುವಂಥ ಏನೋ ಒಂದು ಮಾತು. ಅರ್ಧ ಮುಗಿಸುವಷ್ಟರಲ್ಲಿ ತುಟಿ ಊದಿತು. ಗಂಟಲು ಕೆರೆಯುತ್ತಿದೆ ಅಂದ. ಮಾತು ದಪ್ಪವಾಗಿ ಬರತೊಡಗಿತು. ಡಾಕ್ಟರ ಹತ್ತಿರ ಓಡಿದೆವು. ಇಂಜೆಕ್ಷನ್ ಆದ ಮೇಲೆ ಸರಿಹೋದ. ಸಂಜೆ ಇಬ್ಬರೂ ಕೂತು ಪ್ಯಾಕೆಟ್ ಓದಿದೆವು. ಹಿಂಬದಿಯಲ್ಲಿ, ಪದಾರ್ಥಗಳ ಸಾಲಿನ ನಡುವೆ, ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ‘ಅಕೆಟಾ ಡೊಮೆಸ್ಟಿಕಸ್ ಪುಡಿ’ ಅಂತ ಇತ್ತು. ಕ್ರಿಕೆಟ್ ಹುಳದ ಲ್ಯಾಟಿನ್ ಹೆಸರು ಅದು. ತಮ್ಮ ಅದನ್ನು ತಿನ್ನುವ ಮುಂಚೆ ಓದಿದ್ದನಂತೆ. ಯಾವುದೋ ಗಿಡಮೂಲಿಕೆ ಇರಬೇಕು ಅಂದುಕೊಂಡನಂತೆ! ಅಲರ್ಜಿಯ ಎಚ್ಚರಿಕೆಯೂ ಇತ್ತು, ಇಲ್ಲ ಅನ್ನುವುದಿಲ್ಲ. ಪ್ಯಾಕೆಟ್ಟಿನ ಅಂಟು ಬಿಡಿಸಿದರೆ ಕಾಣುವ ಮಡಿಕೆಯಲ್ಲಿತ್ತು.

ಕಂಪನಿಗೆ ಬರೆದೆವು. ಅದರ ಹೆಸರು ಇಲ್ಲಿ ಬೇಡ. ನಾಲ್ಕೇ ಸಾಲಿನ ಉತ್ತರ ಬಂತು: ನಾವು ಎಲ್ಲವನ್ನೂ ನಿಯಮದ ಪ್ರಕಾರವೇ ಮುದ್ರಿಸಿದ್ದೇವೆ. ನನಗೆ ಸಿಟ್ಟು ಬಂದದ್ದು ಅದು ಸುಳ್ಳು ಅಂತಲ್ಲ. ಅದು ನಿಜವಾಗಿತ್ತು.

ಸಿಗಡಿಗೂ ಹುಳಕ್ಕೂ ಏನು ಸಂಬಂಧ ಅಂತ ಕೇಳುವವರು ಇನ್ನೂ ಇದ್ದಾರೆ. ಸಂಬಂಧ ಹತ್ತಿರದ್ದೇ. ಎರಡಕ್ಕೂ ಗಟ್ಟಿ ಚಿಪ್ಪು, ಗಿಣ್ಣು ಗಿಣ್ಣಿನ ಕಾಲು. ಎರಡರ ಸ್ನಾಯುವಿನಲ್ಲೂ ಟ್ರೋಪೋಮಯೋಸಿನ್ ಅನ್ನುವ ಪ್ರೋಟೀನ್ ಇದೆ, ರಚನೆಯೂ ಹೆಚ್ಚುಕಮ್ಮಿ ಒಂದೇ. ಸಿಗಡಿ ಆಗದವರ ಮೈ ಈ ಪ್ರೋಟೀನನ್ನು ಕಂಡರೆ ಸಿಗಡಿಯೇ ಬಂತು ಅಂದುಕೊಳ್ಳುತ್ತದೆ. ಬೇಯಿಸಿದರೂ ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಮನೆಯ ಧೂಳಿನಲ್ಲಿರುವ ನುಸಿಯಿಂದ ಅಲರ್ಜಿ ಆಗುವವರಿಗೂ ಇದೇ ಭಯ. ಆ ನುಸಿಯೂ ಇದೇ ನೆಂಟಸ್ತಿಕೆಯದ್ದು.

ಹುಳದ ಹೆಸರು ಮುಚ್ಚಿಡುವ ಆಟ ಹೊಸದೇನಲ್ಲ. ಕಿರಮಂಜಿ ಬಣ್ಣ ಗೊತ್ತಲ್ಲ? ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಕಾಕಿನೀಲ್ ಅನ್ನುವ ಸಣ್ಣ ಹುಳವನ್ನು ಒಣಗಿಸಿ ಅರೆದು ತೆಗೆಯುವ ಕೆಂಪು ಅದು. ಮೊಸರು, ಮಿಠಾಯಿ, ಪಾನೀಯ, ತುಟಿಯ ಬಣ್ಣ, ಎಲ್ಲದರಲ್ಲೂ ಬಹಳ ಕಾಲ ಓಡಾಡಿತು. ಪ್ಯಾಕೆಟ್ ಮೇಲೆ ಎಷ್ಟೋ ಕಡೆ ಬರೀ ‘ಬಣ್ಣ’ ಅಂತ ಇರುತ್ತಿತ್ತು, ಇನ್ನು ಕೆಲವು ಕಡೆ ‘ಇ120’ ಅನ್ನುವ ಸಂಕೇತ. ಅದರಿಂದಲೂ ಕೆಲವರಿಗೆ ಜೋರಾಗಿ ಅಲರ್ಜಿ ಆಗುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2009ರಲ್ಲಿ ನಿಯಮ ಬರೆದು, ಹೆಸರು ಹೇಳಿಯೇ ಮಾರಬೇಕು ಅಂತ 2011ರಿಂದ ಜಾರಿಗೆ ತಂದಿತು. ಮರುವರ್ಷವೇ, 2012ರಲ್ಲಿ, ಸ್ಟಾರ್‌ಬಕ್ಸ್ ತನ್ನ ಸ್ಟ್ರಾಬೆರಿ ಪಾನೀಯದಲ್ಲಿ ಈ ಬಣ್ಣ ಹಾಕುತ್ತಿದೆ ಅಂತ ಜನಕ್ಕೆ ಗೊತ್ತಾಗಿ ದೊಡ್ಡ ಗಲಾಟೆಯಾಯಿತು. ಕಂಪನಿ ಟೊಮೆಟೊದಿಂದ ತೆಗೆದ ಬಣ್ಣಕ್ಕೆ ಬದಲಾಯಿಸಿಕೊಂಡಿತು. ಆ ಬಣ್ಣ ಕೆಟ್ಟದ್ದೇನೂ ಆಗಿರಲಿಲ್ಲ. ತಿಳಿಯದೆ ಕುಡಿದೆವಲ್ಲ ಅನ್ನುವುದೇ ಜನಕ್ಕೆ ಉರಿ ತಂದದ್ದು. ಮಾಂಸ ತಿನ್ನದವರ ಕಡೆಯಿಂದ ನೋಡಿದರೆ ಆ ಉರಿ ಇನ್ನೂ ಜಾಸ್ತಿ, ಅಲ್ವಾ?

ಯುರೋಪ್ ಈ ವಿಷಯದಲ್ಲಿ ಎಷ್ಟೋ ವಾಸಿ, ಒಪ್ಪಿಕೊಳ್ಳುತ್ತೇನೆ. ಅಲ್ಲಿ ಹೊಸ ಬಗೆಯ ಆಹಾರಕ್ಕೆ 2018ರಿಂದ ಬೇರೆ ಕಾನೂನೇ ಜಾರಿಯಲ್ಲಿದೆ. ಒಣಗಿಸಿದ ಹಿಟ್ಟಿನ ಹುಳಕ್ಕೆ 2021ರಲ್ಲಿ ಅನುಮತಿ ಸಿಕ್ಕಿತು. ಅದೇ ವರ್ಷ ಮಿಡತೆಗೆ, 2022ರಲ್ಲಿ ಕ್ರಿಕೆಟ್ ಹುಳಕ್ಕೆ, 2023ರಲ್ಲಿ ಕ್ರಿಕೆಟ್ ಹುಳದ ಕೊಬ್ಬು ತೆಗೆದ ಪುಡಿಗೂ ಇನ್ನೊಂದು ಜಾತಿಯ ಹುಳದ ಮರಿಗೂ ಸಿಕ್ಕಿತು. ಲ್ಯಾಟಿನ್ ಹೆಸರಿನ ಜೊತೆ ರೂಢಿಯ ಹೆಸರೂ ಇರಬೇಕು, ಪದಾರ್ಥಗಳ ಪಟ್ಟಿಯ ಹತ್ತಿರವೇ ಅಲರ್ಜಿಯ ಎಚ್ಚರಿಕೆ ಇರಬೇಕು ಅಂತ ನಿಯಮ ಹೇಳುತ್ತದೆ. ಆದರೂ 2023ರ ಮೊದಲ ತಿಂಗಳುಗಳಲ್ಲಿ ಅಲ್ಲಿ ಹಬ್ಬಿದ ಗಾಳಿಸುದ್ದಿ ನೋಡಬೇಕಿತ್ತು. ಬ್ರೆಡ್ಡಿನಲ್ಲಿ ಕದ್ದು ಹುಳ ಹಾಕುತ್ತಿದ್ದಾರೆ, ಎಲ್ಲರಿಗೂ ಬಲವಂತವಾಗಿ ತಿನ್ನಿಸುತ್ತಾರೆ, ಹೀಗೆ. ಇಟಲಿಯ ಸರ್ಕಾರ ಬೇರೆ ಶೆಲ್ಫ್ ಬೇಕು, ಎದ್ದು ಕಾಣುವ ಲೇಬಲ್ ಬೇಕು ಅಂತ ಹೊರಟಿತು. ಅದರಲ್ಲಿ ರಾಜಕೀಯ ಎಷ್ಟು, ಕಾಳಜಿ ಎಷ್ಟು ಅಂತ ನಾನು ತೂಗಲು ಹೋಗುವುದಿಲ್ಲ. ಬೇಡಿಕೆ ಮಾತ್ರ ನನಗೆ ತಪ್ಪು ಅನಿಸಲಿಲ್ಲ. ಹಿಂಬದಿಯ ಪಟ್ಟಿಯಲ್ಲಿ ಬರೆದದ್ದು ಓದುವವರಿಗೆ ಮಾತ್ರ. ಮುಂದೆ ಬರೆದದ್ದು ಎಲ್ಲರಿಗೂ.

ಆದರೆ ಮಾನ್ಯರೇ, ಹೆಸರು ಮುಂದೆ ಬಂದರೂ ಮುಗಿಯಲಿಲ್ಲ. ನನಗೆ ಅದಕ್ಕಿಂತ ದೊಡ್ಡದು ಅನಿಸುವ ವಿಷಯ ಬೇರೆ ಇದೆ. ಹುಳ ಏನು ತಿಂದಿತು?

ಹುಳ ಅಂದ ಕೂಡಲೇ ಎಲ್ಲರ ಮನಸ್ಸಿನಲ್ಲೂ ಒಂದು ಚಿತ್ರ ಬರುತ್ತದೆ. ಉಳಿದ ಊಟ, ತರಕಾರಿ ಸಿಪ್ಪೆ, ಕೊಳೆತ ಹಣ್ಣು ಎಲ್ಲವನ್ನೂ ಹುಳಕ್ಕೆ ಹಾಕುತ್ತೇವೆ, ಕಸ ಕರಗುತ್ತದೆ, ಪ್ರೋಟೀನ್ ಬರುತ್ತದೆ. ಚಿತ್ರ ಚೆಂದವೇ. ಕ್ಯಾಲಿಫೋರ್ನಿಯಾದ ಇಬ್ಬರು ಸಂಶೋಧಕರು ಕ್ರಿಕೆಟ್ ಹುಳಗಳಿಗೆ ಬೇರೆ ಬೇರೆ ಆಹಾರ ಹಾಕಿ ನೋಡಿ 2015ರಲ್ಲಿ ಫಲಿತಾಂಶ ಬರೆದರು. ಹೆಚ್ಚೇನೂ ಸಂಸ್ಕರಿಸದ ಊಟದ ಕಸ, ಒಣಹುಲ್ಲು ತಿಂದ ಗುಂಪುಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಹುಳ ಕೊಯ್ಲಿನ ಗಾತ್ರಕ್ಕೆ ಬರುವ ಮುಂಚೆಯೇ ಸತ್ತವು. ಕೋಳಿ ಆಹಾರ ತಿಂದವು ಚೆನ್ನಾಗಿ ಬೆಳೆದವು. ಆದರೆ ತಿಂದ ಪ್ರೋಟೀನನ್ನು ಮೈಯ ಪ್ರೋಟೀನ್ ಮಾಡಿಕೊಳ್ಳುವುದರಲ್ಲಿ ಅವು ಕೋಳಿಗಿಂತ ದೊಡ್ಡ ಸಾಧನೆಯನ್ನೇನೂ ಮಾಡಲಿಲ್ಲ. ಅಂದರೆ ಕೋಳಿಗೆ ಹಾಕುವ ಜೋಳ, ಸೋಯಾವನ್ನೇ ಹುಳಕ್ಕೂ ಹಾಕಿದರೆ ನಾವು ಕೋಳಿಯ ಬದಲು ಇನ್ನೊಂದು ಸಣ್ಣ ಕೋಳಿ ಸಾಕಿದ ಹಾಗಾಯಿತು. ರೆಕ್ಕೆ ಬೇರೆ, ಕಾಲು ಬೇರೆ, ಹೊಲ ಅದೇ.

ಕ್ರಿಕೆಟ್ ಹುಳ ಸಾಕುವ ಕೆಲಸದಲ್ಲಿ ಥಾಯ್ಲೆಂಡ್ ಎಲ್ಲರಿಗಿಂತ ಮುಂದೆ. 1990ರ ದಶಕದ ಕೊನೆಯಲ್ಲಿ ಅಲ್ಲಿಯ ಖೊನ್ ಕೆನ್ ವಿಶ್ವವಿದ್ಯಾಲಯ ಸಾಕಣೆಯ ವಿಧಾನ ಹೇಳಿಕೊಟ್ಟಿತು. ಸಿಮೆಂಟಿನ ತೊಟ್ಟಿ, ಒಳಗೆ ಮೊಟ್ಟೆಯ ರಟ್ಟಿನ ಟ್ರೇಗಳು, ಮೇಲೆ ಸೊಳ್ಳೆ ಪರದೆ. ಸುಮಾರು 45 ದಿನಕ್ಕೆ ಒಂದು ಬೆಳೆ. 2013ರ ಹೊತ್ತಿಗೆ 20,000 ಸಾಕಣೆ ಮನೆಗಳಿದ್ದವು. ವರ್ಷಕ್ಕೆ ಸರಾಸರಿ 7,500 ಟನ್ ಹುಳ ಬರುತ್ತಿತ್ತು. ಅಲ್ಲಿಯ ರೈತರು ಬಹುಪಾಲು ಹಾಕುವುದು ಕೋಳಿ ಆಹಾರವನ್ನೇ. ಕೊಯ್ಲಿಗೆ ಕೆಲವು ದಿನ ಇರುವಾಗ ಕುಂಬಳಕಾಯಿ, ಸೊಪ್ಪಿಗೆ ಬದಲಾಯಿಸುತ್ತಾರೆ. ರುಚಿ ಚೆನ್ನಾಗಿ ಬರುತ್ತದೆ, ಖರ್ಚೂ ಇಳಿಯುತ್ತದೆ. ಅವರನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಬದುಕು ಕಟ್ಟಿಕೊಂಡಿದ್ದಾರೆ, ಜನ ಇಷ್ಟಪಟ್ಟು ತಿನ್ನುತ್ತಾರೆ. ಅವರಲ್ಲಿ ಯಾರೂ ಭೂಮಿ ಉಳಿಸುತ್ತೇವೆ ಅಂತ ಪ್ಯಾಕೆಟ್ ಮೇಲೆ ಎಲೆ ಬರೆದುಕೊಂಡು ಕೂತಿಲ್ಲ.

ಕಸ ತಿನ್ನಿಸಲು ಅಡ್ಡಿ ಮಾಡುತ್ತಿರುವುದು ಬರೀ ಹುಳದ ಹೊಟ್ಟೆಯಲ್ಲ, ನಿಮ್ಮ ಕಾನೂನೂ ಹೌದು. ಮತ್ತು ಆ ಕಾನೂನಿಗೆ ಕಾರಣ ಇದೆ. ಬ್ರಿಟನ್ನಿನಲ್ಲಿ ಹಸುಗಳಿಗೆ ಸತ್ತ ಪ್ರಾಣಿಗಳ ಮಾಂಸ, ಮೂಳೆಯ ಪುಡಿ ತಿನ್ನಿಸಿ, 1980ರ ದಶಕದಲ್ಲಿ ಹುಚ್ಚು ಹಸು ರೋಗ ಹಬ್ಬಿತು. ಆಮೇಲೆ ಅದು ಮನುಷ್ಯರಿಗೂ ಬಂತು. 2001ರಲ್ಲಿ ಯುರೋಪ್ ಸಾಕುಪ್ರಾಣಿಗಳಿಗೆ ಅಂಥ ಪುಡಿ ಹಾಕುವುದನ್ನೇ ನಿಲ್ಲಿಸಿತು. ಸಾಕಿದ ಹುಳವೂ ಅಲ್ಲಿಯ ಕಾನೂನಿನ ಕಣ್ಣಲ್ಲಿ ಸಾಕುಪ್ರಾಣಿಯೇ. ಹಾಗಾಗಿ ಹೋಟೆಲಿನಲ್ಲಿ ಉಳಿದ ಊಟವನ್ನಾಗಲಿ ಸಗಣಿಯನ್ನಾಗಲಿ ಅದಕ್ಕೆ ಹಾಕುವ ಹಾಗಿಲ್ಲ. ಮುಳ್ಳಿನ ಮೇಲೆ ಬಿದ್ದ ಬಟ್ಟೆ ಇದು. ನಿಯಮ ಸಡಿಲಿಸಿದರೆ ರೋಗದ ಭಯ, ಬಿಗಿಯಾಗಿಟ್ಟರೆ ಕಸ ಕರಗಿಸುವ ಕನಸು ಕೈತಪ್ಪುತ್ತದೆ. ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನುವ ನೊಣದ ಮರಿ ನಿಜಕ್ಕೂ ಕೊಳೆತದ್ದನ್ನು ತಿಂದು ದಪ್ಪವಾಗುತ್ತದೆ. ಆದರೆ ಅದು ಹೆಚ್ಚಾಗಿ ಹೋಗುವುದು ಮೀನು, ಕೋಳಿಗಳ ಆಹಾರಕ್ಕೆ, ನಮ್ಮ ತಟ್ಟೆಗಲ್ಲ.

ರೋಗದ ಲೆಕ್ಕ ನನಗಿಂತ ನಿಮಗೆ ಚೆನ್ನಾಗಿ ಗೊತ್ತು, ನಿಯಮ ಸಡಿಲಿಸಿ ಅಂತ ನಾನು ಕೇಳುವುದಿಲ್ಲ. ಹುಳ ಏನು ತಿಂದಿದೆಯೋ ಅದನ್ನು ಪ್ಯಾಕೆಟ್ ಮೇಲೆ ಬರೆಸಿ, ಅಷ್ಟೇ. ಕೋಳಿ ಆಹಾರ ತಿಂದಿದ್ದರೆ ಕೋಳಿ ಆಹಾರ ಅಂತ. ಗಿರಣಿಯ ಬೂಸಾ, ಬಿಯರ್ ತಯಾರಿಸಿ ಉಳಿದ ಧಾನ್ಯದ ಚರಟ ತಿಂದಿದ್ದರೆ ಹಾಗಂತ. ಪರಿಸರಕ್ಕೆ ಒಳ್ಳೆಯದು ಅಂತ ಮುಂದೆ ಬರೆಯುವ ಆಸೆ ಇದ್ದವರು ಹುಳದ ಊಟವನ್ನೂ ಅದರ ಪಕ್ಕದಲ್ಲೇ ಬರೆಯಲಿ. ಒಂದೇ ಒಂದು ಸಾಲು. ಆ ಒಂದು ಸಾಲು ಬಂದರೆ ಒಳ್ಳೆಯ ಸಾಕಣೆಯವನಿಗೂ ಲಾಭ. ಈಗ ಬೂಸಾದಲ್ಲಿ ಸಾಕಿದವನೂ ಸೋಯಾದಲ್ಲಿ ಸಾಕಿದವನೂ ಒಂದೇ ಎಲೆಯ ಚಿತ್ರ ಹಾಕಿಕೊಂಡು ಕೂತಿದ್ದಾರೆ.

ಪ್ರೋಟೀನಿನ ಅಂಕಿಯನ್ನೂ ಒಮ್ಮೆ ನೋಡಿ. ಆಹಾರದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ನೇರವಾಗಿ ಅಳೆಯುವುದು ಕಷ್ಟ. ಅದಕ್ಕೆ ಸಾರಜನಕ ಅಳೆದು 6.25ರಿಂದ ಗುಣಿಸುವುದು ಹಳೇ ಪದ್ಧತಿ. ಹುಳದ ವಿಷಯದಲ್ಲಿ ಇದು ಎಡವುತ್ತದೆ. ಯಾಕೆಂದರೆ ಹುಳದ ಚಿಪ್ಪಿನ ಕೈಟಿನ್‌ನಲ್ಲೂ ಸಾರಜನಕ ಇದೆ, ಅದು ಪ್ರೋಟೀನ್ ಅಲ್ಲ. ನೆದರ್ಲೆಂಡ್ಸ್‌ನ ವಾಗೆನಿಂಗೆನ್ ವಿಶ್ವವಿದ್ಯಾಲಯದವರು 2017ರಲ್ಲಿ ಹಿಟ್ಟಿನ ಹುಳವೂ ಸೇರಿ ಮೂರು ಬಗೆಯ ಮರಿಗಳನ್ನು ಪರೀಕ್ಷಿಸಿ, 4.76ರಿಂದ ಗುಣಿಸುವುದು ಸರಿ ಅಂದರು. ಹಳೇ ಲೆಕ್ಕದಲ್ಲಿ 100 ಗ್ರಾಂ ಪುಡಿಗೆ 60 ಗ್ರಾಂ ಪ್ರೋಟೀನ್ ಅಂತ ಬಂದದ್ದು ಹೊಸ ಲೆಕ್ಕದಲ್ಲಿ 46ರ ಹತ್ತಿರಕ್ಕೆ ಇಳಿಯುತ್ತದೆ. 46 ಕೂಡ ಒಳ್ಳೆಯ ಅಂಕಿಯೇ! ಹಾಗಿರುವಾಗ 60 ಅಂತ ಬರೆದುಕೊಳ್ಳುವುದು ಯಾಕೆ? ಯಾವ ಸಂಖ್ಯೆಯಿಂದ ಗುಣಿಸಬೇಕು ಅಂತ ನೀವು ಒಂದು ಸಾಲಿನಲ್ಲಿ ಹೇಳಿದರೆ ಮುಗಿಯುತ್ತದೆ.

ಇನ್ನು ಹೋಲಿಕೆ. ಹುಳವನ್ನು ಯಾವಾಗಲೂ ದನದ ಮಾಂಸದ ಪಕ್ಕದಲ್ಲೇ ನಿಲ್ಲಿಸುತ್ತಾರೆ. ದನದ ಪಕ್ಕದಲ್ಲಿ ನಿಂತರೆ ಯಾರಾದರೂ ತೆಳ್ಳಗೆ ಕಾಣುತ್ತಾರೆ. ಕಾಳುಗಳ ಪಕ್ಕದಲ್ಲಿ ನಿಲ್ಲಿಸಿ ನೋಡಿ. ಹುಳಕ್ಕೆ ಹಾಕುವ ಸೋಯಾವನ್ನು ಮನುಷ್ಯ ನೇರವಾಗಿ ತಿಂದರೆ ನಡುವಿನ ನಷ್ಟವೇ ಇಲ್ಲ. ಬಿ12, ಕಬ್ಬಿಣ, ಸತುವಿನಲ್ಲಿ ಹುಳ ಮುಂದಿರಬಹುದು, ಅದನ್ನೂ ಹೇಳಲಿ. ಮಾಂಸ ಬಿಡಲು ಮನಸ್ಸಿಲ್ಲದವರಿಗೆ ಹುಳ ಒಂದು ದಾರಿ. ಮಾಂಸವನ್ನೇ ತಿನ್ನದವರಿಗೆ ಇದನ್ನು ಪರಿಸರದ ಹೆಸರಲ್ಲಿ ಮಾರುವುದರಲ್ಲಿ ಅರ್ಥವಿಲ್ಲ.

‘ಜಗತ್ತಿನಲ್ಲಿ 200 ಕೋಟಿ ಜನ ಹುಳ ತಿನ್ನುತ್ತಾರೆ, ನೀವ್ಯಾಕೆ ಹಿಂಜರಿಯುತ್ತೀರಿ’ ಅನ್ನುವ ಮಾತನ್ನೂ ಸ್ವಲ್ಪ ನಿಲ್ಲಿಸಿ. ಆ ಸಂಖ್ಯೆ 2013ರ ವರದಿಯಿಂದಲೇ ಊರೆಲ್ಲ ತಿರುಗಿತು. ಅದರ ಮುಖ್ಯ ಲೇಖಕ ಆರ್ನಾಲ್ಡ್ ವಾನ್ ಹೌಸ್ ಮತ್ತು ಜೊತೆಗಾರರೇ ಆಮೇಲೆ ಅದರ ಬೇರು ಹುಡುಕಿ, ಆ ಸಂಖ್ಯೆಗೆ ಗಟ್ಟಿ ಬುಡವಿಲ್ಲ ಅಂತ ಬರೆದರು. ನನಗೆ ಅವರ ಮೇಲೆ ಗೌರವ ಹೆಚ್ಚಿದ್ದು ಅದಕ್ಕೇ. 2,000ದಷ್ಟು ಜಾತಿಯ ಹುಳಗಳನ್ನು ಎಲ್ಲೋ ಒಂದು ಕಡೆ ಯಾರೋ ತಿನ್ನುತ್ತಾರೆ ಅನ್ನುವುದು ನಿಜ. ಮೆಕ್ಸಿಕೋದಲ್ಲಿ ಮಿಡತೆಯನ್ನು ಬೆಳ್ಳುಳ್ಳಿ, ನಿಂಬೆ, ಉಪ್ಪು ಹಾಕಿ ಹುರಿದು ತಿನ್ನುತ್ತಾರೆ. ಆಫ್ರಿಕಾದ ದಕ್ಷಿಣದಲ್ಲಿ ಮೊಪಾನೆ ಮರದ ಕಂಬಳಿಹುಳುವನ್ನು ಹಿಂಡಿ, ಬೇಯಿಸಿ, ಒಣಗಿಸಿ ಇಟ್ಟುಕೊಳ್ಳುತ್ತಾರೆ. ಅವರು ಯಾರೂ ಪುಡಿ ಮಾಡಿ ಬಿಸ್ಕತ್ತಿನಲ್ಲಿ ಬಚ್ಚಿಟ್ಟಿಲ್ಲ. ತಟ್ಟೆಯಲ್ಲಿ ಕಣ್ಣು, ಕಾಲು ಕಾಣುವ ಹಾಗೇ ಇಡುತ್ತಾರೆ. ಇಷ್ಟ ಇದ್ದವರು ತಿನ್ನುತ್ತಾರೆ, ಇಲ್ಲದವರು ಪಕ್ಕಕ್ಕೆ ಸರಿಸುತ್ತಾರೆ. ಅಸಹ್ಯ ಪಡುವವರನ್ನು ಗೆಲ್ಲಲು ಪುಡಿ ಮಾಡಿ ಕಣ್ತಪ್ಪಿಸುವುದು ಒಳ್ಳೆಯ ಉಪಾಯ ಅಂತ ಮಾರುವವರು ಅಂದುಕೊಂಡಿದ್ದಾರೆ. ಒಂದು ಸಲ ಕಣ್ತಪ್ಪಿಸಿದ್ದು ಗೊತ್ತಾದರೆ ಆ ಮನುಷ್ಯ ಮತ್ತೆ ಯಾವ ಹಿಟ್ಟನ್ನೂ ನಂಬುವುದಿಲ್ಲ. ನನ್ನ ತಮ್ಮನನ್ನೇ ನೋಡಿ, ಈಗ ಉಪ್ಪಿನ ಪ್ಯಾಕೆಟ್ಟನ್ನೂ ತಿರುಗಿಸಿ ಓದುತ್ತಾನೆ.

ಹುಳ ಅಂದರೆ ಎಲ್ಲಾ ಒಂದೇ ಅಲ್ಲ ಅನ್ನುವುದಕ್ಕೂ ಹೆಸರು ಬೇಕು. ನೈಜೀರಿಯಾದಲ್ಲಿ ತಿನ್ನುವ ಒಂದು ಬಗೆಯ ಕಾಡುರೇಷ್ಮೆ ಹುಳದಲ್ಲಿ ಬಿ1 ಜೀವಸತ್ವವನ್ನು ಹಾಳುಮಾಡುವ ಕಿಣ್ವ ಇದೆ. ಮೊದಲೇ ಅರೆಹೊಟ್ಟೆಯಲ್ಲಿರುವವರು ಆ ಹುಳದ ಕಾಲದಲ್ಲಿ ಅದನ್ನೇ ಜಾಸ್ತಿ ತಿಂದು, ನಡೆಯಲಾರದೆ ತೂರಾಡುತ್ತಾ ಆಸ್ಪತ್ರೆ ಸೇರಿದ್ದುಂಟು. ಮಿಡತೆಯ ಕಾಲು, ರೆಕ್ಕೆ ತೆಗೆಯದೆ ತಿಂದರೆ ಕರುಳಿಗೆ ಸಿಕ್ಕಿಕೊಳ್ಳಬಹುದು. ಸಿಂಗಾಪುರ 2024ರಲ್ಲಿ 16 ಜಾತಿಗಳಿಗೆ ಒಪ್ಪಿಗೆ ಕೊಟ್ಟಾಗ ಹೆಸರು ಹೆಸರಾಗಿಯೇ ಪಟ್ಟಿ ಮಾಡಿತು. ‘ಕೀಟ ಪ್ರೋಟೀನ್’ ಅಂತ ಒಂದೇ ಮಾತಿನಲ್ಲಿ ಮುಗಿಸಲು ಬಿಡಬೇಡಿ. ಮೀನು, ಏಡಿ, ಸಿಗಡಿಯನ್ನೆಲ್ಲ ‘ಸಮುದ್ರ ಪ್ರೋಟೀನ್’ ಅಂತ ಮಾರಲು ಬಿಡುತ್ತೀರಾ?

ಇನ್ನೊಂದು ಮಾತು ಇದೆ, ಹೇಳಲೋ ಬೇಡವೋ ಅಂತ ಯೋಚಿಸಿದೆ. ಒಂದು ಕಿಲೋ ಹಿಟ್ಟಿನ ಹುಳ ಅಂದರೆ ಸುಮಾರು 10,000 ಜೀವ. ಅವಕ್ಕೆ ನೋವಾಗುತ್ತದಾ? ಲಂಡನ್ನಿನ ಪ್ರಯೋಗಾಲಯವೊಂದರಲ್ಲಿ ದುಂಬಿಜೇನುಗಳು ಯಾವ ಲಾಭವೂ ಇಲ್ಲದೆ ಸಣ್ಣ ಮರದ ಗುಂಡುಗಳನ್ನು ಉರುಳಿಸಿ ಆಡಿದ್ದನ್ನು 2022ರಲ್ಲಿ ವರದಿ ಮಾಡಿದರು. ಅದನ್ನು ಓದಿದ ದಿನ ನಾನು ಟ್ರೇ ಕಡೆ ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ಕೂತಿದ್ದೆ. ಸಾಕುವುದನ್ನು ಬಿಡಲಿಲ್ಲ. ಆದರೆ ಕಾರ್ಖಾನೆಯಲ್ಲಿ ಹೇಗೆ ಕೊಲ್ಲುತ್ತಾರೆ, ತಣ್ಣಗಾಗಿಸಿಯೋ ಕುದಿನೀರಿಗೆ ಹಾಕಿಯೋ, ಅದೂ ಪ್ಯಾಕೆಟ್ ಮೇಲೆ ಇರಲಿ ಅನಿಸಿತು. ಇದನ್ನು ನೀವು ಈಗಲೇ ಮಾಡಲಾರಿರಿ ಅಂತ ಗೊತ್ತು. ಹೆಸರು, ಊಟ, ಅಲರ್ಜಿ, ಈ ಮೂರನ್ನು ಮೊದಲು ಮುಂಬದಿಗೆ ತನ್ನಿ.

ಜಾಗ ಸಾಲುವುದಿಲ್ಲ ಅಂತ ಕಂಪನಿಗಳು ಹೇಳುತ್ತವೆ. ಅದಕ್ಕೇ ನಾನೇ ಒಂದು ಬರೆದು ನೋಡಿದೆ. ಹುರಿದ ಹುಳ ತುಂಬಿಸಿಡುವ ಗಾಜಿನ ಬಾಟಲಿಗೆ ಬೆಂಕಿಪೆಟ್ಟಿಗೆಯಷ್ಟು ಅಗಲದ ಚೀಟಿ ಅಂಟಿಸಿದ್ದೇನೆ: ‘ಹಿಟ್ಟಿನ ಹುಳ, ಹುರಿದದ್ದು. ತಿಂದದ್ದು ಗೋಧಿ ಬೂಸಾ, ಕ್ಯಾರೆಟ್. ಕೊಂದದ್ದು ಫ್ರೀಜರ್‌ನಲ್ಲಿ. ಸಿಗಡಿ, ಏಡಿ, ಮನೆಧೂಳು ಆಗದವರು ಮುಟ್ಟಬೇಡಿ.’ ಎಲ್ಲಾ ಸೇರಿ 14 ಪದ. ಹೋದ ವಾರ ತಮ್ಮ ಬಂದಿದ್ದ. ಬಾಟಲಿ ಕೈಗೆತ್ತಿಕೊಂಡು ಚೀಟಿ ಓದಿದ. ಮತ್ತೆ ಅಲ್ಲೇ ಇಟ್ಟು, ಪಕ್ಕದ ಕಡಲೆಕಾಯಿ ಡಬ್ಬಿಗೆ ಕೈ ಹಾಕಿದ.

‘ಇಷ್ಟು ಬರೆಯೋಕೆ ಅವರಿಗೇನು ಕಷ್ಟ, ಅಕ್ಕಾ?’ ಅಂದ.

ನಿಮ್ಮ ಉತ್ತರ ಬಂದರೆ ಅವನಿಗೆ ಓದಿ ಹೇಳುತ್ತೇನೆ.

ಇಂತಿ,
ಹುಳ ಸಾಕುವ, ತಿನ್ನುವ ಒಬ್ಬ ಗ್ರಾಹಕಿ